ಮೂರನೆಯ ಬಾಳೆಲೆ

ನಮ್ಮೂರಲ್ಲಿ ಮದುವೆ ಊಟಕ್ಕೆ ಹೋಗುವವರು ತಮ್ಮ ಮನೆ ಬಾಗಿಲಲ್ಲಿ ಕುಂಡದಲ್ಲಿಟ್ಟ ಕ್ರೋಟನ್ ಗಿಡದ ತುದಿಯಿಂದ ಒಂದು ಹೊಸ ಎಲೆ ಕಿತ್ತುಕೊಂಡು ಹೋಗಬೇಕು. ಚಪ್ಪರದ ಬಾಯಲ್ಲಿ ಬಡಿಸುವವನು ನಿಂತಿರುತ್ತಾನೆ. ಆ ಕ್ರೋಟನ್ ಎಲೆಯನ್ನು ಬೆಳಕಿಗೆ ಹಿಡಿದು ಅದರಲ್ಲಿ ಎಷ್ಟು ಬಣ್ಣದ ಗೆರೆಗಳಿವೆ ಎಂದು ಎಣಿಸುತ್ತಾನೆ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಗೆರೆ. ನಾಲ್ಕಿದ್ದರೆ ನಾಲ್ಕು ಬಾಳೆಲೆ ಹಾಕುತ್ತಾನೆ. ನಾಲ್ವರಲ್ಲಿ ಒಬ್ಬ ಜ್ವರ ಬಂದು ಮಲಗಿದ್ದರೂ, ಬೇರೆ ಊರಿಗೆ ಹೋಗಿದ್ದರೂ ಅವನ ಬಾಳೆಲೆ ಹಾಕಲೇಬೇಕು, ಬಡಿಸಲೇಬೇಕು. ಮನೆಯವರು ಅದನ್ನು ಕಟ್ಟಿಕೊಂಡು ಹೋಗುತ್ತಾರೆ. ಗೆರೆ ಇಲ್ಲದವನಿಗೆ ಬಾಳೆಲೆ ಇಲ್ಲ. ಪುರಸಭೆಯ ಅಧ್ಯಕ್ಷನಾದರೂ ಅಷ್ಟೇ. ಹೊರಗಿನಿಂದ ಬಂದ ನೆಂಟರಿಗೆ ಬೇರೆ ಪಂಕ್ತಿ ಇದೆ, ಅವರು ಇದನ್ನೆಲ್ಲ ನೋಡಿ ನಗುತ್ತಾರೆ. ನಗಲಿ.

ನಾನು ಆ ಗಿಡಗಳನ್ನು ನೋಡಿಕೊಳ್ಳುವವನು. ಹೆಸರು ಮರಿಸ್ವಾಮಿ. ಮಣ್ಣು ಬದಲಿಸುವುದು, ಬೇರು ಕತ್ತರಿಸುವುದು, ಹಿಟ್ಟುತಿಗಣೆ ಹತ್ತಿದರೆ ಸೋಪಿನ ನೀರು ಹೊಡೆಯುವುದು ಎಲ್ಲ ನನ್ನದೇ. ಊರಾಚೆ ನನ್ನ ತೋಟವೂ ಇದೆ. ಅಲ್ಲಿ ಮಾರುವುದಕ್ಕೆ ಕ್ರೋಟನ್, ಕೋಲಿಯಸ್, ಬಣ್ಣದ ಕೆಸು, ಡ್ರಸೀನಾ ಬೆಳೆಯುತ್ತೇನೆ. ಲಾರಿಯವರು ಬಂದು ತುಂಬಿಕೊಂಡು ಹೋಗುತ್ತಾರೆ. ಮಾರುವ ಗಿಡದಲ್ಲಿ ಯಾರೂ ಇರುವುದಿಲ್ಲ, ಅದು ಬರೀ ಬಣ್ಣ. ಬಾಗಿಲ ಗಿಡದಲ್ಲಿ ಮನೆಯವರು ಇರುತ್ತಾರೆ. ಮಗು ಹುಟ್ಟಿದರೆ ಹೊಸ ಚಿಗುರಿನಲ್ಲಿ ಹೊಸ ಗೆರೆ ಬರುತ್ತದೆ. ಸೊಸೆ ಬಂದರೆ ಎರಡು ಮೂರು ತಿಂಗಳಲ್ಲಿ ಅವಳದೂ ಬರುತ್ತದೆ, ಅಷ್ಟರೊಳಗೆ ತವರಿನ ಗಿಡದಲ್ಲಿ ನಿಂತುಹೋಗಿರುತ್ತದೆ. ಸತ್ತವರ ಗೆರೆ ಮುಂದಿನ ಎಲೆಗಳಲ್ಲಿ ಬರುವುದಿಲ್ಲ. ಆಗ ಅವರ ಗೆರೆಯಿದ್ದ ಹಳೆಯ ಎಲೆಗಳನ್ನೆಲ್ಲ ಕಿತ್ತು ಕೆರೆಗೆ ಬಿಡುತ್ತೇವೆ. ಪುರಸಭೆಯಲ್ಲಿ ಎಲೆ ಗುಮಾಸ್ತ ಎಂದು ಒಬ್ಬರಿದ್ದಾರೆ, ರಂಗಶಾಮಯ್ಯ. ಪ್ರತಿ ಮನೆಯ ಎಲೆಯನ್ನೂ ಒಣಗಿಸಿ ದೊಡ್ಡ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಹೆಸರು ಬರೆದು, ಹೋದವರ ಹೆಸರಿನ ಮೇಲೆ ಗೀಟು ಹೊಡೆಯುವುದು ಅವರ ಕೆಲಸ.

ನನ್ನ ತಂಗಿ ಮಾದೇವಿಯ ಗಿಡದಲ್ಲಿ ಎರಡೇ ಗೆರೆ ಇದ್ದವು. ಹಳದಿ ಅವಳದು. ಕೆಂಪು ಅವಳ ಗಂಡ ಗುರುಮಲ್ಲನದು. ಗುರುಮಲ್ಲ ಹನ್ನೊಂದು ವರ್ಷದ ಹಿಂದೆ ಕುಂಡಕ್ಕೆ ಹಾಕುವ ಎಲೆಗೊಬ್ಬರ ತರುತ್ತೇನೆ ಎಂದು ಚೀಲ ಹೆಗಲ ಮೇಲೆ ಹಾಕಿಕೊಂಡು ಹೋದವನು ಹೋದ. ಜಗಳವಿಲ್ಲ, ಕಾಯಿಲೆಯಿಲ್ಲ. ನಾನು ನಾಲ್ಕು ಊರು ಹುಡುಕಿದೆ, ನಾಲ್ಕು ಊರಲ್ಲೂ ಸಿಕ್ಕಸಿಕ್ಕವರನ್ನು ಬೈದು ಬಂದೆ. ಗಿಡದಲ್ಲಿ ಮಾತ್ರ ಕೆಂಪು ಹಾಗೇ ಬರುತ್ತಿತ್ತು. ಎಲೆ ಬಿಟ್ಟಾಗಲೆಲ್ಲ ಹಳದಿ, ಕೆಂಪು. ಮಾದೇವಿ ಪ್ರತಿ ಮದುವೆಯಲ್ಲೂ ಒಂದು ಊಟ ಉಂಡು ಇನ್ನೊಂದು ಹೊತ್ತು ಬರುತ್ತಿದ್ದಳು. ಅವನ ಪಾಲಿನ ಪಾಯಸವನ್ನು ಮಾರನೆಯ ದಿನ ಬಿಸಿ ಮಾಡಿ ತಾನೇ ಕುಡಿಯುತ್ತಿದ್ದಳು.

ಈ ಸಲದ ಬೇಸಿಗೆಯಲ್ಲಿ ನಡೆದದ್ದು ಇದು. ಅವಳ ಮನೆ ಮುಂದೆ ಹಾದುಹೋಗುವಾಗ ನೋಡಿದರೆ ಗಿಡದ ಎಲೆಗಳ ಅಂಚೆಲ್ಲ ಸುಟ್ಟು ಕಂದಾಗಿ ಮುದುರಿತ್ತು. ಪಶ್ಚಿಮದ ಬಿಸಿಲು, ಕುಂಡದ ಮಣ್ಣು ಬಿರುಕು ಬಿಟ್ಟಿತ್ತು. ನನಗೆ ನೆತ್ತಿಗೇರಿತು.

"ಏನಮ್ಮ, ಇದನ್ನ ಸಾಯಿಸ್ಬೇಕು ಅಂತ್ಲೇ ಮಾಡಿದ್ದೀಯಾ?"

"ನೀರು ಹಾಕ್ದೆ ಕಣಣ್ಣಯ್ಯ, ಮೊನ್ನೆ."

"ಮೊನ್ನೆ! ನೀನು ಮೊನ್ನೆ ಉಂಡು ಇವತ್ತು ಸುಮ್ನಿರ್ತೀಯಾ?"

"ಇರ್ತೀನಿ. ಎರಡು ಊಟ ಇರ್ತದಲ್ಲ ನಂಗೆ" ಎಂದು ನಕ್ಕಳು. ಆ ನಗು ನೋಡಿ ನನಗೆ ಇನ್ನೂ ಸಿಟ್ಟು ಬಂತು. ಕುಂಡವನ್ನು ತಬ್ಬಿ ಎತ್ತಿಕೊಂಡು ನಡೆದುಬಿಟ್ಟೆ. ತೋಟಕ್ಕೆ ಒಯ್ದು ಹಲಸಿನ ಮರದ ಕೆಳಗೆ, ಬಿಸಿಲು ತಡೆಯುವ ಹಸಿರು ನೆಟ್‌ನೊಳಗೆ, ಕೆಸುವಿನ ಸಾಲಿನ ಪಕ್ಕ ಇಟ್ಟೆ. ಬಾಗಿಲ ಗಿಡವನ್ನು ಬಾಗಿಲಿನಿಂದ ಎತ್ತುವ ಪದ್ಧತಿ ನಮ್ಮಲ್ಲಿ ಇಲ್ಲ. ರೋಗ ಬಂದರೆ ನಾನೇ ಅವರ ಬಾಗಿಲಿಗೆ ಹೋಗುತ್ತೇನೆ. ನನ್ನಪ್ಪ ಹಾಗೆ ಮಾಡುತ್ತಿದ್ದ, ನಾನೂ ಹಾಗೇ ಮಾಡುತ್ತಿದ್ದೆ. ಸಿಟ್ಟಿನಲ್ಲಿ ಅದು ಮರೆತುಹೋಯಿತು. ಎತ್ತಿಕೊಂಡು ಬಂದ ಮೇಲೆ ವಾಪಸ್ ಇಡುವುದಕ್ಕೆ ನನಗೆ ನಾಚಿಕೆಯಾಯಿತು, ಗುಣವಾಗಲಿ ಎಂದು ಬಿಟ್ಟೆ.

ನಲವತ್ತು ದಿನದಲ್ಲಿ ಗಿಡ ಚೇತರಿಸಿಕೊಂಡು ಮೂರು ಹೊಸ ಎಲೆ ಬಿಟ್ಟಿತು. ಮೂರರಲ್ಲೂ ಹಳದಿ ಮಾತ್ರ ಇತ್ತು.

ನಾನು ಆ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಮಾದೇವಿಗೆ ಹೇಳಿಕಳಿಸಲಿಲ್ಲ, ಅವಳೇ ಬಂದಳು. ನೋಡಿದಳು. ಎಲೆಯನ್ನು ಮಡಿಸಿ ಹಿಂದೆ ತಿರುಗಿಸಿ ನೋಡಿದಳು. "ಹೋದ್ರಾ?" ಎಂದು ಗಿಡವನ್ನೇ ಕೇಳಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲಿ ಹೋದ್ರೋ, ಯಾರು ನೀರು ಬಿಟ್ರೋ" ಎಂದಳು. ಹನ್ನೊಂದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ರಂಗಶಾಮಯ್ಯ ಭೂತಗನ್ನಡಿ ಹಿಡಿದು ಬಂದು ಎಲೆ ನೋಡಿ, ಪುಸ್ತಕದಲ್ಲಿ ಗುರುಮಲ್ಲನ ಹೆಸರಿನ ಮೇಲೆ ಗೀಟು ಹೊಡೆದರು. ಕೆಂಪು ಇದ್ದ ಹಳೆಯ ಎಲೆಗಳನ್ನೆಲ್ಲ ನಾನೇ ಕಿತ್ತೆ. ಮಾದೇವಿ ಮೊಣಕಾಲ ನೀರಲ್ಲಿ ನಿಂತು ಅವನ್ನು ಕೆರೆಗೆ ಬಿಟ್ಟಳು. ಕುಂಡವನ್ನು ಮತ್ತೆ ಅವಳ ಬಾಗಿಲಿಗೆ ತಂದಿಟ್ಟೆ. ಮಾರನೆಯ ದಿನದಿಂದ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಮೋಡ. ಹೊಸ ಎಲೆಗಳಲ್ಲೂ ಹಳದಿ ಗೆರೆ ಒಂದೇ ಬಂತು.

ನೆರಳಿನಲ್ಲಿಟ್ಟರೆ ಕ್ರೋಟನ್ ಕೆಂಪು ಕಳೆದುಕೊಳ್ಳುತ್ತದೆ. ಗಿಡ ಬೆಳೆಯುವವನಿಗೆ ಇದಕ್ಕಿಂತ ಸಣ್ಣ ಪಾಠ ಇಲ್ಲ. ಲಾರಿಯವರಿಗೆ ನಾನೇ ಹೇಳಿಕಳಿಸುತ್ತೇನೆ, ಬಿಸಿಲಿಗಿಡಿ, ಇಲ್ಲದಿದ್ದರೆ ಹಸಿರಾಗುತ್ತದೆ ಎಂದು. ಆದರೆ ಅದು ಮಾರುವ ಗಿಡದ ಮಾತು. ಬಾಗಿಲ ಗಿಡಕ್ಕೆ ಬಿಸಿಲು ನೆರಳು ಲೆಕ್ಕವಿಲ್ಲ ಎಂದು ಅಪ್ಪ ಹೇಳಿದ್ದ. ನಾನೂ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅದನ್ನು ನೆರಳಿಗಿಟ್ಟು ನೋಡಿದವರು ಯಾರೂ ಇರಲಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಮಳೆ ಬಿಡುವ ಹೊತ್ತಿಗೆ ಕುಂಡದ ಸಿದ್ದರಾಜು ನನ್ನ ತೋಟಕ್ಕೆ ಬಂದ. ಅವನು ಮಣ್ಣಿನ ಕುಂಡ ಸುಟ್ಟು ಮಾರುವವನು. ಒಬ್ಬನೇ ಇದ್ದ, ಅವನ ಮನೆ ಎಲೆಯಲ್ಲಿ ಒಂದೇ ಗೆರೆ, ನೇರಳೆ. ಐವತ್ತು ಕುಂಡ ಇಳಿಸಿ, ಒಂದೂ ಒಡೆದಿಲ್ಲ ಎಂದು ಮೂರು ಸಲ ಎಣಿಸಿ, ಹೋಗದೆ ನಿಂತ.

"ಏನಯ್ಯಾ, ಇನ್ನೇನು?" ಎಂದೆ.

"ಏನಿಲ್ಲ ಮರಿಸ್ವಾಮಣ್ಣ. ಮಾದೇವಿಯೋರ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳು ಹೋಗು. ನನ್ನೇನು ಕೇಳ್ತೀಯಾ?"

"ಅವ್ರನ್ನ ಕೇಳಾಯ್ತು. ನಿಮ್ಮನ್ನ ಕೇಳು ಅಂದ್ರು. ನಿಮ್ಮನ್ನ ಕೇಳಕ್ಕೇ ಭಯ."

ನಾನು ನಕ್ಕುಬಿಟ್ಟೆ. ಒಳ್ಳೆಯವನು. ಕುಂಡ ಕೆಟ್ಟರೆ ಕೆಟ್ಟಿದೆ ಎಂದು ತಾನೇ ಹೇಳುವವನು. ಮದುವೆಯಾಗಿ ಅವಳ ಮನೆಯಲ್ಲೇ ಇರುತ್ತೇನೆ ಎಂದ. ಎರಡು ತಿಂಗಳಿಗೆ ದಿನ ಗೊತ್ತಾಯಿತು. ಮದುವೆಗೆ ಮೂರು ದಿನ ಮುಂಚೆ ರಂಗಶಾಮಯ್ಯ ಬಂದು ಹುಡುಗಿ ಮನೆಯ ಗಿಡದ ತುದಿ ಎಲೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸಬೇಕು. ಅದು ಪದ್ಧತಿ. ಮೊದಲ ಗಂಡನ ಗೆರೆ ಇನ್ನೂ ಇದ್ದರೆ ಮದುವೆ ಇಲ್ಲ. ಮಾದೇವಿ ಹೊಸ ಬಳೆ ಕೊಂಡಳು. ದಾರಿಯಲ್ಲಿ ಸಿಕ್ಕವರ ಹತ್ತಿರ ಜೋರಾಗಿ ಮಾತಾಡತೊಡಗಿದಳು. ಅಷ್ಟು ಜೋರು ಗಂಟಲು ಅವಳಿಗಿದೆ ಎಂದು ಮರೆತೇ ಹೋಗಿತ್ತು.

ಆಮೇಲೆ ಒಂದು ಬೆಳಗ್ಗೆ ಅವಳ ಬಾಗಿಲಿಗೆ ಗೊಬ್ಬರ ಹಾಕಲು ಹೋದೆ. ಹತ್ತು ದಿನದಿಂದ ಬಿಸಿಲು ಚೆನ್ನಾಗಿ ಬಿದ್ದಿತ್ತು. ಗಿಡದ ತುದಿಯಲ್ಲಿ ಹೊಸ ಎಲೆ ಬಿಚ್ಚಿಕೊಳ್ಳುತ್ತಿತ್ತು. ಹಳದಿಯ ಪಕ್ಕದಲ್ಲಿ ತೆಳ್ಳಗೆ ಕೆಂಪು.

ಕೈಯಲ್ಲಿದ್ದ ಗೊಬ್ಬರ ಕಾಲ ಮೇಲೆ ಬಿತ್ತು. ಬಿಸಿಲಿಗೆ ಬಂದ ಕೆಂಪೋ ಇದು? ಹಾಗಾದರೆ ಗುರುಮಲ್ಲ ಎಲ್ಲೋ ಇದ್ದಾನೆ, ನಾನು ಬದುಕಿರುವವನ ಎಲೆ ಕಿತ್ತು ಕೆರೆಗೆ ಬಿಡಿಸಿದೆ. ಇಲ್ಲ, ಇದು ಸಿದ್ದರಾಜುವಿನದೋ? ಅವನದು ನೇರಳೆ, ಆದರೆ ಮನೆ ಬದಲಾದರೆ ಬಣ್ಣವೂ ಬದಲಾಗುವುದುಂಟು. ಮಾದೇವಿಯೇ ತವರಿನಲ್ಲಿ ಕಿತ್ತಳೆ ಇದ್ದಳು. ಹಳೆಯ ಕೆಂಪು ನಡುನರದ ಎಡಕ್ಕಿತ್ತು ಎಂದು ನೆನಪು. ಇದು ಎಡವೋ ಬಲವೋ ನೋಡೋಣ ಎಂದರೆ ಅವಳ ಗಿಡ ಸುರುಳಿ ಎಲೆಯ ಜಾತಿ. ಎಲೆ ತಿರುಚಿಕೊಂಡೇ ಬೆಳೆಯುತ್ತದೆ. ಒಂದು ಕಡೆಯಿಂದ ಎಡ, ಇನ್ನೊಂದು ಕಡೆಯಿಂದ ಬಲ. ಹೋಲಿಸಿ ನೋಡಲು ಗಿಡದಲ್ಲಿ ಹಳೆಯ ಎಲೆ ಒಂದೂ ಉಳಿದಿಲ್ಲ, ಗುಮಾಸ್ತರ ಪುಸ್ತಕದಲ್ಲಿರುವುದು ಒಣಗಿ ಕಪ್ಪಾಗಿದೆ.

ಒಳಗೆ ಮಾದೇವಿ ಪಾತ್ರೆ ತೊಳೆಯುತ್ತಾ ಯಾವುದೋ ಹಾಡಿನ ಅರ್ಧ ಸಾಲು ಹೇಳುತ್ತಿದ್ದಳು. ನಾನು ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಚಿವುಟಿ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದ ನೇರ ಸಿದ್ದರಾಜುವಿನ ಹತ್ತಿರ ಹೋದೆ. ಅವನು ಕುಂಡ ಸುಡುವ ಗೂಡಿಗೆ ಬೆಂಕಿ ಹಾಕುತ್ತಿದ್ದ.

"ಏಯ್, ನೀನು ನನ್ನ ತಂಗಿ ಮನೆ ಒಳಗೆ ಹೋಗಿದ್ದೀಯಾ?"

ಅವನು ಎದ್ದು ನಿಂತ. ಮುಖ ಸುಟ್ಟ ಕುಂಡದಂತಾಯಿತು. "ಮರಿಸ್ವಾಮಣ್ಣ, ಅವ್ರ ಮನೆ ಹೊಸ್ಲು ಯಾವ ಮರದ್ದು ಅಂತ್ಲೂ ನಂಗೊತ್ತಿಲ್ಲ. ಜಗುಲಿ ಮೇಲೆ ನೀರು ಕುಡ್ದಿದ್ದೀನಿ, ಎರಡು ಸಲ. ಮೂರನೇದು ಮಜ್ಜಿಗೆ."

"ಮಜ್ಜಿಗೆ ಕುಡಿದ್ರೆ ಗೆರೆ ಬರ್ತದೇನೋ!" ಎಂದು ಅರಚಿದೆ.

"ಎಂಥ ಗೆರೆ?" ಎಂದ. ನಾನು ತಿರುಗಿ ನಡೆದೆ. ಹೇಳುವುದಕ್ಕೆ ನನಗೇ ಗೊತ್ತಿದ್ದರಲ್ಲವೆ?

ತುದಿ ಚಿವುಟಿದರೆ ಕೆಳಗಿನ ಗೆಣ್ಣಿನಿಂದ ಎರಡು ಕವಲು ಒಡೆಯುತ್ತವೆ. ಗಿಡ ಪೊದೆಯಾಗಲಿ ಎಂದು ನಾವು ಬೇಕಂತಲೇ ಮಾಡುವ ಕೆಲಸ ಅದು. ಇಪ್ಪತ್ತು ವರ್ಷ ದಿನಕ್ಕೆ ನೂರು ತುದಿ ಚಿವುಟಿದ ಕೈ ಇದು, ಆ ಹೊತ್ತಿನಲ್ಲಿ ಅದೂ ನೆನಪಾಗಲಿಲ್ಲ. ಮೂರು ವಾರಕ್ಕೆ ಎರಡು ಚಿಗುರು ಬಂದವು. ಬೀದಿಯ ಕಡೆಗೆ ವಾಲಿದ್ದರಲ್ಲಿ ಹಳದಿ, ಕೆಂಪು. ಗೋಡೆಯ ಕಡೆಗೆ ಇದ್ದದ್ದರಲ್ಲಿ ಬರೀ ಹಳದಿ. ಈಗ ಒಂದೇ ಗಿಡ ಎರಡು ಮಾತು ಹೇಳತೊಡಗಿತು.

ಇಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ತುದಿ ಚಿವುಟಿದ ದಿನವೇ ನನ್ನ ಮನೆಯ ಬಾಗಿಲ ಗಿಡವನ್ನು ಎತ್ತಿ ನೆಟ್‌ನೊಳಗೆ, ಮಾದೇವಿಯ ಕುಂಡ ಇಟ್ಟಿದ್ದ ಜಾಗದಲ್ಲೇ ಇಟ್ಟೆ. ನಮ್ಮ ಗಿಡದಲ್ಲೂ ಎರಡೇ ಗೆರೆ. ಕೆನೆ ಬಣ್ಣದ್ದು ನನ್ನ ಹೆಂಡತಿ ಜವರಮ್ಮನದು, ಕೆಂಪು ನನ್ನದು. ನಾನಂತೂ ಬದುಕಿದ್ದೇನೆ. ನಲವತ್ತು ದಿನ ನೆರಳಲ್ಲಿಟ್ಟು ನೋಡುತ್ತೇನೆ, ಕೆಂಪು ಹೋದರೆ ಅದು ನೆರಳಿನ ಕೆಲಸ, ಉಳಿದರೆ ಗುರುಮಲ್ಲ ಹೋದದ್ದು ನಿಜ. ಇಷ್ಟು ಸರಳ ಎಂದುಕೊಂಡೆ. ಜವರಮ್ಮನಿಗೆ ಗಿಡಕ್ಕೆ ಹುಳ ಹತ್ತಿದೆ ಎಂದು ಹೇಳಿದೆ.

ಮೂವತ್ತೆಂಟನೆಯ ದಿನ ಎಲೆ ಬಿಚ್ಚಿತು. ಕೆನೆ ಬಣ್ಣದ ಗೆರೆ ಅಚ್ಚು ಹೊಡೆದಂತೆ ಇತ್ತು. ಕೆಂಪು ಇದ್ದ ಕಡೆ ಹಸಿರು.

ನನ್ನ ಕೈ ಎತ್ತಿ ನೋಡಿಕೊಂಡೆ. ಬೆರಳು ಅಲ್ಲಾಡಿಸಿದೆ. ಬುತ್ತಿ ತಂದಿದ್ದ ಜವರಮ್ಮ ನನ್ನ ಹಿಂದೆ ನಿಂತು ಎಲೆ ನೋಡಿದಳು, ನನ್ನನ್ನು ನೋಡಿದಳು.

"ನೀವು ಹೋದ್ರಾ?" ಎಂದಳು.

"ಕಣ್ಣು ಕಾಣಲ್ವೇನೇ? ಇಲ್ಲೇ ಕೂತಿದ್ದೀನಲ್ಲ! ನೆರಳಲ್ಲಿಟ್ಟಿದ್ದೆ, ಅದಕ್ಕೆ ಕೆಂಪು ಹೋಗ್ಯದೆ."

"ನೆರಳೋ ಏನೋ. ಮುಂಜಾನೆ ಎದ್ದು ತೋಟಕ್ಕೆ ಬತ್ತೀರಿ, ದೀಪ ಹಚ್ಚೋ ಹೊತ್ಗೆ ಮನೆಗೆ ಬತ್ತೀರಿ. ಬಂದ್ಮೇಲೂ ಮಾತಿಲ್ಲ, ಬೈಗುಳ. ಮನೇಲಿ ಇದ್ದೋರ ಗೆರೆ ತಾನೆ ಬರೋದು?" ಎಂದು ಬುತ್ತಿ ಇಟ್ಟು ಹೋದಳು.

ತಮಾಷೆಗೆ ಹೇಳಿದಳೋ ನಿಜವಾಗಿ ಹೇಳಿದಳೋ ತಿಳಿಯಲಿಲ್ಲ. ನಾನು ಮಾಡಿದ ಪರೀಕ್ಷೆ ಅಲ್ಲಿಗೆ ಹಾಳಾಯಿತು. ಕೆಂಪು ನೆರಳಿನಿಂದ ಹೋಗಿದ್ದರೆ ಗುರುಮಲ್ಲ ಬದುಕಿರಬಹುದು. ಮನೆ ಬಿಟ್ಟವನ ಗೆರೆ ಹೋಗುತ್ತದೆ ಎನ್ನುವುದಾದರೆ ಅವನದು ಹನ್ನೊಂದು ವರ್ಷ ಹೇಗೆ ನಿಂತಿತ್ತು? ಅವನು ಎಲ್ಲೋ ಇದ್ದುಕೊಂಡೇ ಈ ಮನೆಯನ್ನು ನೆನೆಯುತ್ತಿದ್ದನೇ? ದಿನವೂ ಮನೆಗೆ ಬರುವ ನಾನು ನೆನೆಯುತ್ತಿರಲಿಲ್ಲವೇ? ಯೋಚಿಸಿ ಯೋಚಿಸಿ ತಲೆ ಕೆಟ್ಟು, ಕೆಸುವಿನ ನಾಲ್ಕು ಕುಂಡ ಒದ್ದು ಉರುಳಿಸಿದೆ. ಆಮೇಲೆ ಎತ್ತಿ ನಿಲ್ಲಿಸಿ ಮಣ್ಣು ತುಂಬಿದೆ.

ಎಲೆ ಕತ್ತರಿಸುವ ದಿನ ಬೆಳಗ್ಗೆ ಮಾದೇವಿಯ ಮನೆಗೆ ಹೋದೆ. ಅವಳು ಜಗುಲಿ ಸಾರಿಸುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನೆರಳು, ಬಿಸಿಲು, ಚಿವುಟಿದ್ದು, ನನ್ನ ಗಿಡದ ಕೆಂಪು ಹೋದದ್ದು. "ಗುರುಮಲ್ಲ ಬದುಕಿರ್ಬೋದು ಕಣಮ್ಮ. ಸತ್ತೂ ಇರ್ಬೋದು. ನಂಗೊತ್ತಾಗ್ತಿಲ್ಲ" ಎಂದೆ. ಈ ಮಾತನ್ನು ನಾನು ಗಿಡದ ವಿಷಯದಲ್ಲಿ ಯಾರಿಗೂ ಹೇಳಿದವನಲ್ಲ.

ಅವಳು ಸಾರಿಸುವ ಬಟ್ಟೆ ಹಿಂಡಿದಳು. "ನೀನು ಚಿವುಟಿದ್ದು ನಂಗೊತ್ತಿತ್ತು. ತುದಿ ಮುರ್ದಿದ್ರೆ ಹಾಲು ಒಸರ್ತದೆ, ಕಾಣಲ್ವಾ? ನಾನೂ ಅಪ್ಪನ ಮಗಳೇ ಕಣಣ್ಣಯ್ಯ."

"ಗೊತ್ತಿದ್ದೂ ಸುಮ್ನಿದ್ಯಾ?"

"ಕೇಳಿದ್ರೆ ಕೂಗಾಡ್ತಿದ್ದೆ ನೀನು."

"ಈಗ ಏನ್ಮಾಡಾನ?"

"ಏನ್ಮಾಡಾದು? ಬದುಕಿದ್ರೆ ಬದುಕಿರ್ಲಿ. ನಾನೇನು ಸಾಯಿ ಅಂದ್ನಾ? ಹನ್ನೊಂದು ವರ್ಷ ಅವರ ಊಟ ಹೊತ್ತೆ. ಒಂದಿನಾನೂ ಹಸಿವು ಅಂತ ಬರ್ಲಿಲ್ಲ."

ಗೋಡೆ ಕಡೆಯ ಕವಲು ತೋರಿಸಿ, "ರಂಗಶಾಮಯ್ಯಂಗೆ ಈ ತುದಿ ಕೊಡಾನ. ಬರೀ ಹಳದಿ ಐತೆ. ಆ ಕಡೆದನ್ನ ಈಗ್ಲೇ ತೆಗೆದುಬಿಡ್ತೀನಿ" ಎಂದು ಜೇಬಿನಿಂದ ಚಾಕು ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಸಾರಿಸಿದ ಒದ್ದೆ ಕೈ, ಬಿಗಿಯಾಗಿ ಹಿಡಿದಿದ್ದಳು. "ಬಚ್ಚಿಟ್ಟು ಮದ್ವೆ ಆಗಕ್ಕೆ ನಾನೇನು ಕಳ್ಳೀನಾ? ಚಾಕು ಒಳಗಿಡು."

ರಂಗಶಾಮಯ್ಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಸಿದ್ದರಾಜುವೂ ಬಂದು, ಜಗುಲಿ ಹತ್ತದೆ ಬೀದಿಯಲ್ಲೇ ನಿಂತ. ಗುಮಾಸ್ತರು ಗಿಡ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದೇನ್ರೀ ಮರಿಸ್ವಾಮಿ, ಎರಡು ತುದಿ? ಯಾವುದನ್ನ ಮನೆ ಅಂತ ಬರ್ಕೊಳ್ಳಲಿ?"

ನಾನು ಬಾಯಿ ತೆರೆಯುವ ಮೊದಲೇ ಮಾದೇವಿ ಬೀದಿ ಕಡೆಯ ಎಲೆ ಕಿತ್ತು ಅವರ ಕೈಗಿಟ್ಟಳು. "ಇದನ್ನ ಬರ್ಕೊಳ್ಳಿ."

ಅವರು ಭೂತಗನ್ನಡಿ ಹಿಡಿದರು. "ಇದ್ರಲ್ಲಿ ಎರಡಿದೆಯಲ್ಲಮ್ಮ."

"ಒಂದು ನಂದು. ಇನ್ನೊಂದು ಅಲ್ಲಿ ನಿಂತವ್ರಲ್ಲ, ಅವ್ರದ್ದು ಅಂತ ಬರ್ಕೊಳ್ಳಿ."

"ಮದುವೆಗೆ ಮುಂಚೆಯೇ ಬಂತಾ?"

"ನೀವು ದಿನ ತಡ ಮಾಡಿದ್ರಿ. ಗಿಡ ಕಾಯ್ತದಾ?"

ಬೀದಿಯಲ್ಲಿ ನಿಂತ ಸಿದ್ದರಾಜು ಕತ್ತು ಬಗ್ಗಿಸಿಕೊಂಡ. ರಂಗಶಾಮಯ್ಯ ಎಲೆಯನ್ನು ಹಿಂದೆ ಮುಂದೆ ತಿರುಗಿಸಿದರು, ಪುಸ್ತಕದ ಹಾಳೆ ಮಗುಚಿದರು, ಗುರುಮಲ್ಲನ ಹೆಸರಿನ ಮೇಲೆ ತಾವೇ ಹೊಡೆದ ಗೀಟಿನ ಮೇಲೆ ಬೆರಳಾಡಿಸಿದರು. "ಹಳೇ ಕೆಂಪೇ ಇರ್ಬೋದು ಅಂತ ನನಗೆ ಅನುಮಾನ" ಎಂದರು ಮೆಲ್ಲಗೆ. "ಆದ್ರೆ ಹೊಡೆದ ಗೀಟು ವಾಪಸ್ ತೆಗೆಯೋದಕ್ಕೆ ನಮ್ಮಲ್ಲಿ ಕಾಲಂ ಇಲ್ಲ." ಎಲೆ ಅಂಟಿಸಿ, ಎರಡು ಎಂದು ಬರೆದು ಹೊರಟುಹೋದರು.

ಮದುವೆ ಆಯಿತು. ಊಟದ ಹೊತ್ತಿಗೆ ಗಂಡು ಹೆಣ್ಣಿನ ಪಂಕ್ತಿಗೆ ಎರಡೂ ಮನೆಯ ಎಲೆ ಕೊಡಬೇಕು. ಮಾದೇವಿಯ ಎಲೆಯಲ್ಲಿ ಎರಡು ಗೆರೆ. ಸಿದ್ದರಾಜುವಿನ ಮನೆ ಎಲೆಯಲ್ಲಿ ಅವನ ನೇರಳೆ ಇನ್ನೂ ಹಾಗೇ ಇತ್ತು, ಒಂದು. ಬಡಿಸುವವನು ಎರಡು ಸಲ ಎಣಿಸಿ ಸಾಲಾಗಿ ಮೂರು ಬಾಳೆಲೆ ಹಾಸಿದ. ಮಾದೇವಿ ಒಂದರ ಮುಂದೆ ಕೂತಳು, ಸಿದ್ದರಾಜು ಒಂದರ ಮುಂದೆ. ಮೂರನೆಯದಕ್ಕೆ ನೀರು ಚಿಮುಕಿಸಿ, ಉಪ್ಪು, ಕೋಸಂಬರಿ, ಪಲ್ಯ ಎಲ್ಲ ಬಡಿಸಿದ. ಎಲ್ಲರೂ ಆ ಖಾಲಿ ಮಣೆ ನೋಡಿದರು, ಯಾರೂ ನೋಡಲಿಲ್ಲ ಎನ್ನುವಂತೆ.

ನಾನು ಚಪ್ಪರದ ಬಾಯಲ್ಲಿ ಬೇರೊಂದು ರಗಳೆಯಲ್ಲಿದ್ದೆ. ಜವರಮ್ಮ ನಮ್ಮ ಮನೆ ಎಲೆ ಕೊಟ್ಟಿದ್ದಳು. ಅದರಲ್ಲಿ ಕೆನೆಗೆರೆ ಒಂದೇ. ಅವಳಿಗೊಂದು ಬಾಳೆಲೆ ಹಾಕಿ ಮುಂದೆ ಹೋಗಿದ್ದರು.

"ನನ್ನ ತಂಗಿ ಮದುವೆ ಕಣಯ್ಯಾ ಇದು!" ಎಂದು ಬಡಿಸುವವನ ಮೇಲೆ ಕೂಗಿದೆ.

"ನಾನೇನ್ಮಾಡ್ಲಿ ಮರಿಸ್ವಾಮಣ್ಣ? ಎಲೇಲಿ ನೀವಿಲ್ಲ. ನಿಮಗೆ ನಾನು ಹೇಳ್ಕೊಡ್ಬೇಕಾ?"

ಸುತ್ತಲಿದ್ದವರು ನಕ್ಕರು. ಜವರಮ್ಮ ನಗಲಿಲ್ಲ. ತನ್ನ ಬಾಳೆಲೆಯನ್ನು ಸ್ವಲ್ಪ ಬದಿಗೆ ಸರಿಸಿ ಜಾಗ ಮಾಡಿದಳು. ನಾನು ಅತ್ತ ಹೆಜ್ಜೆ ಇಡುವಷ್ಟರಲ್ಲಿ ಮಾದೇವಿ ಪಂಕ್ತಿಯಿಂದಲೇ ಕರೆದಳು, ಊರಿಗೆಲ್ಲ ಕೇಳುವ ಹಾಗೆ.

"ಅಣ್ಣಯ್ಯ, ಇಲ್ಲಿ ಬಾ. ಇಲ್ಲೊಂದು ಊಟ ಅದೆ."

"ಅದು ನಂದಲ್ಲ ಕಣಮ್ಮ."

"ಯಾರ್ದು ಅಂತ ನಿಂಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ. ಕೂತ್ಕೊ. ಇನ್ಮೇಲೆ ಹೊತ್ಕೊಂಡು ಹೋಗಕ್ಕೆ ನನ್ನ ಕೈಲಾಗಲ್ಲ."

ಹೋಗಿ ಮೂರನೆಯ ಬಾಳೆಲೆಯ ಮುಂದೆ ಕೂತೆ. ಒಂದು ಪಕ್ಕದಲ್ಲಿ ತಂಗಿ, ಅವಳ ಆಚೆ ಸಿದ್ದರಾಜು. ಇನ್ನೊಂದು ಪಕ್ಕದಲ್ಲಿ ಯಾರೂ ಇರಲಿಲ್ಲ. ಜವರಮ್ಮ ಎದುರು ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು. ಅನ್ನ ಕಲಸಿದೆ. ಗುರುಮಲ್ಲ ಸಾರಿಗೆ ಮೊದಲು ತುಪ್ಪ ಹಾಕಿಸಿಕೊಳ್ಳುತ್ತಿದ್ದ ಎಂದು ಯಾಕೋ ನೆನಪಾಗಿ, ತುಪ್ಪದವನನ್ನು ಕರೆದು ಹಾಕಿಸಿಕೊಂಡೆ. ಪಾಯಸ ಬಂದಾಗ ಮಾದೇವಿ ನನ್ನ ಎಲೆಯ ಕಡೆ ನೋಡಿದಳು. ಒಂದು ಹನಿಯೂ ಬಿಡದೆ ಬಳಿದು ಉಂಡೆ. ಕೈ ತೊಳೆದು, ತೋಟದ ನೆಟ್‌ನಿಂದ ನಮ್ಮ ಕುಂಡ ಹೊತ್ತು ತಂದು ಮನೆ ಬಾಗಿಲ ಬಿಸಿಲಿಗಿಟ್ಟು, ಆ ದಿನ ಮತ್ತೆ ತೋಟಕ್ಕೆ ಹೋಗದೆ ಜಗುಲಿ ಮೇಲೆ ಕೂತೆ.